ಶ್ರೀಪ್ರಿಯಾಳ ಪ್ರತಿಗಳು

ಮೊಮ್ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಸಾಕು, ಭೀಮಾಬಾಯಿಗೆ ಕೆಮ್ಮು ಬಂದುಬಿಡುತ್ತಿತ್ತು. ಒಂದು ಗುಟುಕು ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, "ಆಫೀಸಿನಲ್ಲಿದಾಳೆ, ದೊಡ್ಡ ಪೋಸ್ಟು," ಎನ್ನುವಷ್ಟರಲ್ಲಿ ಕೇಳಿದವರು ಬೇರೆ ಮಾತಿಗೆ ಹೋಗಿರುತ್ತಿದ್ದರು. ಇನ್ನೇನು ಹೇಳಿಯಾರು ಪಾಪ? ಎಂಕಾಂ ಓದಿದ ಹುಡುಗಿ ಲಾರಿಯ ಹಿಂದೆ ನಿಂತು ಊರವರ ಕಾಗದ ಚೂರು ಮಾಡಿಸುತ್ತಾಳೆ ಎಂದು ಹೇಳಲಾದೀತೆ?

ಕೆಲಸವೇನೋ ಅದೇ. ಲಾರಿಯ ಹೊಟ್ಟೆಯಲ್ಲೊಂದು ಯಂತ್ರ. ಜನರ ಹೆಸರು, ವಿಳಾಸ, ಸಹಿ ಇರುವ ಹಳೆಯ ಕಡತಗಳು ಕಳ್ಳರ ಕೈಗೆ ಸಿಗಬಾರದೆಂದು ಆಫೀಸುಗಳು, ಆಸ್ಪತ್ರೆಗಳು ಈ ಲಾರಿಯನ್ನು ಬಾಗಿಲಿಗೇ ಕರೆಸಿ, ಕಣ್ಣೆದುರೇ ಚೂರು ಮಾಡಿಸುತ್ತಿದ್ದವು. ಶ್ರೀಪ್ರಿಯಾ ಅದರ ಮೇಲ್ವಿಚಾರಕಿ. ಸಂಜೆ ಮನೆಗೆ ಬಂದರೆ ತಲೆಗೂದಲಿನಲ್ಲೆಲ್ಲ ಕಾಗದದ ಧೂಳು.

"ಹೆಸರು, ಹುಟ್ಟಿದ ತಾರೀಖು, ಒಂದು ಫೋಟೋ ಸಿಕ್ಕರೆ ಸಾಕು ಅಜ್ಜಿ, ಯಾರು ಬೇಕಾದರೂ ನೀನಾಗಬಹುದು," ಎಂದು ಅವಳು ಒಮ್ಮೆ ವಿವರಿಸಿದ್ದಳು.

"ನಾನಾಗಿ ಏನು ಮಾಡ್ತಾರೆ? ಮಂಡಿನೋವು ತಗೊಂಡು ಹೋಗ್ತಾರೇನು? ಹೋಗಲಿ ಬಿಡು," ಎಂದು ಭೀಮಾಬಾಯಿ ನಕ್ಕಿದ್ದರು.

ಜಾತಕದ ವಿಷಯದಲ್ಲಿ ಮಾತ್ರ ಅವರಿಗೆ ಕೆಮ್ಮು ಗಿಮ್ಮು ಏನೂ ಇರಲಿಲ್ಲ. ಮದರಾಸಿನ ತಿರುವಲ್ಲಿಕ್ಕೇಣಿಯ ಆ ಎರಡನೇ ಮಹಡಿಯ ಮನೆಯಿಂದ ಹೊರಟರೆಂದರೆ ಕೈಚೀಲದಲ್ಲಿ ಸಹಸ್ರನಾಮದ ಪುಸ್ತಕದ ಜೊತೆ ಮೊಮ್ಮಗಳ ಬಣ್ಣದ ಫೋಟೋ ಅಂಟಿಸಿದ ಜಾತಕದ ಪ್ರತಿಗಳು ಇದ್ದೇ ಇರುತ್ತಿದ್ದವು. ಮಠಕ್ಕೆ ಹೋದರೆ ಮಠದಲ್ಲಿ, ಮದುವೆಗೆ ಹೋದರೆ ಊಟದ ಪಂಕ್ತಿಯಲ್ಲಿ ಕೊಟ್ಟುಬರುವರು. ಒಮ್ಮೆಯಂತೂ ಕಣ್ಣಾಸ್ಪತ್ರೆಯಲ್ಲಿ ಔಷಧಿ ಬಿಡಿಸಿಕೊಂಡು ಕಣ್ಣು ಮುಚ್ಚಿಕೊಂಡೇ ಪಕ್ಕದ ಕುರ್ಚಿಯವರ ಕೈಗೆ ಒಂದು ಪ್ರತಿ ದಾಟಿಸಿದ್ದರು. ಪಕ್ಕದವರು ಯಾರು ಏನು ಎಂದು ಆ ಪರಮಾತ್ಮನಿಗೇ ಗೊತ್ತು.

ಹಿಂದೆ ಯಾರೋ ಒಬ್ಬರು, "ಹುಡುಗಿ ವಯಸ್ಸು ಇಷ್ಟೇನಾ?" ಎಂದು ಮೂತಿ ತಿರುಗಿಸಿದ್ದರು. ಅದು ಭೀಮಾಬಾಯಿಗೆ ಚುಚ್ಚಿಬಿಟ್ಟಿತು. ಅಂದಿನಿಂದ ಪ್ರತಿ ಜಾತಕದ ಹಿಂದೆ ಆಧಾರ್ ಕಾರ್ಡಿನ ಜೆರಾಕ್ಸನ್ನೂ ಪಿನ್ನು ಹೊಡೆದು ಸೇರಿಸತೊಡಗಿದರು. "ನಾವು ವಯಸ್ಸು ಬಚ್ಚಿಡೋ ಜನ ಅಲ್ಲ. ನೋಡ್ಕೊಳ್ಳಲಿ." ಕಳೆದ ಸಲ ಕಲ್ಯಾಣಮಂಟಪದಲ್ಲಿ ವಧೂವರರ ಸಮಾವೇಶ ನಡೆದಾಗ ಒಂದು ಕಟ್ಟನ್ನೇ ಒಯ್ದು, ಬಾಗಿಲಲ್ಲಿ ಅರಿಸಿನ ಕುಂಕುಮ ಕಲ್ಲುಸಕ್ಕರೆ ಇಟ್ಟಿದ್ದ ಮೇಜಿನ ಮೇಲೆ ಪಕ್ಕಕ್ಕೇ ಜೋಡಿಸಿಟ್ಟು ಬಂದಿದ್ದರು. ಬಂದವರು ಕುಂಕುಮ ಹಚ್ಚಿಕೊಂಡು, ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು, ಶ್ರೀಪ್ರಿಯಾಳದೊಂದು ಪ್ರತಿ ಎತ್ತಿಕೊಂಡು ಹೋದರು. ಸೊಸೆ ಸುಗುಣಾಗೆ ಇದೆಲ್ಲ ಗೊತ್ತಿತ್ತು. ಅತ್ತೆಯ ಹತ್ತಿರ ವಾದ ಮಾಡಿ ಗೆದ್ದವರುಂಟೇ ಎಂದು ಸುಮ್ಮನಿದ್ದಳು. ಗೊತ್ತಿಲ್ಲದವಳು ಶ್ರೀಪ್ರಿಯಾ ಒಬ್ಬಳೇ.

ಹೊಸೂರಿನ ಆ ತಾಯಿ ಮಗ ಬಂದದ್ದು ಏಕಾದಶಿಯ ದಿನ. ಭೀಮಾಬಾಯಿ ಒಂದು ತೊಟ್ಟು ನೀರೂ ಮುಟ್ಟುವವರಲ್ಲ. ಮಧ್ಯಾಹ್ನ ಕಳೆದು ಸಮುದ್ರದ ಗಾಳಿ ಕಿಟಕಿಗೆ ಬರುವ ಹೊತ್ತಿಗೆ ಅವರಿಗೆ ಎಲ್ಲವೂ ಹಗುರವಾಗಿ ಕಾಣತೊಡಗುತ್ತಿತ್ತು. ನಡುಮನೆಯ ಉಯ್ಯಾಲೆಯ ಮೇಲೆ ಕೂತರೆ ಅದು ತೂಗುತ್ತಿದೆಯೋ ಗೋಡೆ ತೂಗುತ್ತಿದೆಯೋ ತಿಳಿಯದು. ಹಾಗೆ ಅರೆಗಣ್ಣಾಗಿದ್ದಾಗ ಕರೆಗಂಟೆ ಸದ್ದಾಯಿತು. ಸುಗುಣಾ ಬಾಗಿಲು ತೆರೆದಳು. ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ಹಿಡಿದ ಒಬ್ಬ ಹೆಂಗಸು, ಅವಳ ಹಿಂದೆ ಒಬ್ಬ ಎತ್ತರದ ಹುಡುಗ. ಹುಡುಗನ ಹಣೆಯ ಮೇಲೆ ಅಂಗಾರದ ಕಪ್ಪು ಗೆರೆ ಇನ್ನೂ ಮಾಸಿರಲಿಲ್ಲ.

"ಶ್ರೀಪ್ರಿಯಾ ಮನೆ ಇದೇ ಅಲ್ವಾ? ನಾವು ಹೊಸೂರಿನವರು. ಇವನು ನನ್ನ ಮಗ, ಕಮಲಾಕರ." ಆ ಹೆಸರು ಹೇಳಿದ ಕೂಡಲೆ ಮನೆಯವರೆಲ್ಲ ಕುಣಿದಾಡಬೇಕು ಎನ್ನುವಂತೆ ಆ ತಾಯಿ ಸುಗುಣಾಳ ಮುಖ ನೋಡಿದರು.

ಭೀಮಾಬಾಯಿ ಉಯ್ಯಾಲೆಯಿಂದ ಇಳಿದೇಬಿಟ್ಟರು. "ಬನ್ನಿ ಬನ್ನಿ, ಕೂತ್ಕೊಳ್ಳಿ. ಏಕಾದಶಿ ನೋಡಿ, ಒಂದು ಲೋಟ ಕಾಫಿ ಕೊಡೋ ಹಾಗೂ ಇಲ್ಲ."

"ನಮಗೂ ಉಪವಾಸವೇ ಅಮ್ಮ. ಹೂವು ಮಾತ್ರ ಕೋಯಂಬೇಡಿನಲ್ಲಿ ಬಸ್ ಇಳಿದು ತಗೊಂಡ್ವಿ."

ಬಸ್ಸಿನಲ್ಲಿ ಅಷ್ಟು ದೂರ ಉಪವಾಸ ಬಂದಿದ್ದಾರೆ! ಅದೊಂದು ಮಾತಿಗೆ ಭೀಮಾಬಾಯಿ ಸೋತುಹೋದರು. ಯಾವ ಪ್ರತಿ ಇವರನ್ನು ಕರೆತಂದಿರಬಹುದು ಎಂದು ಮನಸ್ಸಿನಲ್ಲೇ ಹುಡುಕತೊಡಗಿದರು.

"ಹೆಣ್ಣು ನೋಡೋಕೆ ಅಂತ ಬಂದಿಲ್ಲ," ತಾಯಿ ಸಂಕೋಚದಿಂದ ಹೇಳಿದರು. "ಏಕಾದಶಿ ದಿನ ಯಾರು ಬರ್ತಾರೆ? ನೋಡೋದೆಲ್ಲ ಆದ ಹಾಗೇ ಅಲ್ವಾ? ಎರಡು ತಿಂಗಳಿಂದ ಇಬ್ಬರೂ ಫೋನಿನಲ್ಲಿ ಮಾತಾಡ್ತಾನೇ ಇದಾರೆ. ಈಗ ಒಂದು ವಾರದಿಂದ ಹುಡುಗಿ ಫೋನ್ ಎತ್ತುತ್ತಿಲ್ಲ. ಇವನು ಊಟ ನಿದ್ದೆ ಬಿಟ್ಟಿದಾನೆ. ನೋಡಕ್ಕಾಗದೆ ವಿಳಾಸ ಹಿಡ್ಕೊಂಡು ಬಂದ್ವಿ."

ಅಬ್ಬ ಕಳ್ಳಿ! ಮನೆಯಲ್ಲಿ ಬಾಯಿ ಬಿಡದೆ ಎರಡು ತಿಂಗಳು! ಅದೂ ಎಂಥ ಹುಡುಗ, ನಮ್ಮವರೇ, ಉಪವಾಸ ಮಾಡುವವರು. ಭೀಮಾಬಾಯಿಯ ಖಾಲಿ ಹೊಟ್ಟೆಯೊಳಗೆ ವಾಲಗ ಊದಿದ ಹಾಗಾಯಿತು. ಮಲ್ಲಿಗೆಯ ಘಮಕ್ಕೆ ನಡುಮನೆ ಮದುವೆಮನೆಯಾಯಿತು. ಆ ಹುಡುಗ ಬಾಸಿಂಗ ಕಟ್ಟಿಕೊಂಡ, ಶ್ರೀಪ್ರಿಯಾ ತಲೆ ತಗ್ಗಿಸಿದಳು, ಯಾರೋ ಅಕ್ಷತೆ ಎರಚಿದರು. ಎಷ್ಟು ಚಂದ ಇತ್ತು ಆ ಐದು ನಿಮಿಷ! ಮುಂದೆ ಏನೆಲ್ಲ ಆದರೂ ಆ ಐದು ನಿಮಿಷವನ್ನು ಭೀಮಾಬಾಯಿ ಮರೆಯಲಿಲ್ಲ.

"ಮೊದಲು ನಿಮ್ಮ ಆಪರೇಷನ್ ಹೇಗಾಯ್ತು ಹೇಳಿ," ಎಂದು ಆ ತಾಯಿ ಸುಗುಣಾಳ ಕೈ ಹಿಡಿದುಕೊಂಡರು. "ಅವಳು ಅತ್ತಿದ್ದು ಕೇಳಿ ಇವನು ಕೈಲಿದ್ದ ದುಡ್ಡೆಲ್ಲ ಕಳಿಸಿಬಿಟ್ಟ."

"ನನಗೆ ಯಾವ ಆಪರೇಷನ್ನೂ ಆಗಿಲ್ವಲ್ಲ," ಎಂದಳು ಸುಗುಣಾ.

ಆಗಲೇ ಶ್ರೀಪ್ರಿಯಾ ಬಂದದ್ದು. ಕೈಯಲ್ಲಿ ಹೆಲ್ಮೆಟ್ಟು, ಕೂದಲಲ್ಲಿ ಅದೇ ಧೂಳು. ಕಮಲಾಕರ ಎದ್ದು ನಿಂತ. ಅವನ ಮುಖದಲ್ಲಿ ಅರಳಿದ ನಗು ಕಂಡು ಭೀಮಾಬಾಯಿಗೆ ಕಣ್ಣು ತುಂಬಿತು.

"ಪ್ರಿಯಾ," ಎಂದ.

"ಹೇಳಿ, ಯಾರು ಬೇಕಿತ್ತು?" ಎಂದಳು ಶ್ರೀಪ್ರಿಯಾ.

ನಗು ಅಲ್ಲೇ ನಿಂತಿತು. ಅವನು ತಲೆ ಓರೆ ಮಾಡಿ, ಇನ್ನೊಮ್ಮೆ ಕೇಳಿಸಿಕೊಳ್ಳಬೇಕು ಎನ್ನುವವನಂತೆ, "ನಿಮಗೆ ಒಬ್ಬಟ್ಟು ಅಂದ್ರೆ ಪ್ರಾಣ, ಅಲ್ವಾ?" ಎಂದ.

"ನನಗೆ ಒಬ್ಬಟ್ಟು ಸೇರೋದೇ ಇಲ್ಲ. ಯಾಕೆ? ನೀವ್ಯಾರು?"

"ಅಮ್ಮಾ, ಇವರಲ್ಲ," ಎಂದು ಹುಡುಗ ಕುಸಿದು ಕೂತ. "ಧ್ವನಿ ಬೇರೆ."

ಅವನ ಫೋನಿನಲ್ಲಿ ಎಲ್ಲ ಇತ್ತು. ಸುಗುಣಾ ತಾರಸಿಯ ಮೇಲೆ ತೆಗೆದ, ಸಾಸಿವೆ ಬಣ್ಣದ ಸೀರೆಯ ಫೋಟೋ. ನಕ್ಷತ್ರ, ಗೋತ್ರ, ಹುಟ್ಟಿದ ಗಳಿಗೆ, ಅಮ್ಮನ ತವರು. ಕೊನೆಗೆ ಆಧಾರ್ ಕಾರ್ಡು, ಮೂಲೆಯಲ್ಲಿ ಪಿನ್ನಿನ ಕಪ್ಪು ನೆರಳು ಸಹ. ಯಾವಳೋ ಒಬ್ಬಳು ಈ ಕಾಗದಗಳನ್ನು ಹೊದ್ದುಕೊಂಡು ಎರಡು ತಿಂಗಳು ಶ್ರೀಪ್ರಿಯಾ ಆಗಿದ್ದಳು. ನಕ್ಕಿದ್ದಳು, ಅತ್ತಿದ್ದಳು, ಒಬ್ಬಟ್ಟಿಗೆ ಆಸೆಪಟ್ಟಿದ್ದಳು, ಬೇಕಾದದ್ದು ಸಿಕ್ಕಮೇಲೆ ಮಾಯವಾಗಿದ್ದಳು. ಶ್ರೀಪ್ರಿಯಾ ಒಂದೊಂದನ್ನೇ ನೋಡಿ, ಪಿನ್ನಿನ ನೆರಳಿನ ಮೇಲೆ ಬೆರಳಿಟ್ಟು, ನಿಧಾನವಾಗಿ ಅಜ್ಜಿಯ ಕಡೆ ತಿರುಗಿದಳು. ಭೀಮಾಬಾಯಿ ಸೆರಗು ಸರಿಮಾಡಿಕೊಂಡರು.

ಹೊರಡುವಾಗ ಆ ತಾಯಿ ಒಂದೇ ಮಾತು ಹೇಳಿದರು. "ನಿಮ್ಮ ಮೇಲೆ ಕೋಪ ಇಲ್ಲಮ್ಮ. ನಾವು ಮಾತಾಡಿದ್ದು ಈ ಹುಡುಗಿ ಹತ್ತಿರ ಅಲ್ಲ, ಅಷ್ಟೇ." ಕಮಲಾಕರ ಬಾಗಿಲಲ್ಲಿ ನಿಂತು, "ಪೊಲೀಸಿಗೆ ಬೇಕಾದ್ದು ನಿಮಗೆ ಕಳಿಸಿದೀನಿ. ನನ್ನ ಹತ್ತಿರ ಇರೋದನ್ನ ಅಳಿಸಲಾ?" ಎಂದು ಕೇಳಿದ. "ಅಳಿಸಿ," ಎಂದಳು ಶ್ರೀಪ್ರಿಯಾ. ಅವನು ಅವಳ ಎದುರಿಗೇ ಅಳಿಸಿದ. ಮಲ್ಲಿಗೆಯನ್ನು ಯಾರೂ ಮುಡಿಯಲಿಲ್ಲ. ಸುಗುಣಾ ದೇವರ ಮುಂದೆ ಇಟ್ಟಳು.

ಮರುದಿನ ದ್ವಾದಶಿ. ಬೆಳಗಾಗುತ್ತಲೇ ಎಲೆ ಹಾಕಿ ಅಗಸೆಸೊಪ್ಪಿನ ಪಲ್ಯ, ನೆಲ್ಲಿಕಾಯಿ ತಂಬುಳಿ ಬಡಿಸಿಯಾಗಿತ್ತು. ಭೀಮಾಬಾಯಿ ಮೊದಲ ತುತ್ತು ಎತ್ತಿದ್ದರಷ್ಟೇ. ಮಗ ಸತ್ಯಾತ್ಮ ಶುರುಮಾಡಿದ.

"ಆಧಾರ್ ಕಾರ್ಡನ್ನ ಯಾರಾದರೂ ಜಾತಕದ ಜೊತೆ ಕೊಡ್ತಾರೇನಮ್ಮ? ನಮ್ಮ ಆಫೀಸಿನ ಪ್ಯೂನಿಗೆ ಹೇಳಿದರೂ ನಗ್ತಾನೆ!"

"ವಯಸ್ಸು ಸುಳ್ಳು ಅಂದ್ರಲ್ಲೋ!"

"ಅಂದ್ರೆ ಅನ್ನಲಿ!"

"ನೀನು ಹುಡುಗನ್ನ ಹುಡುಕಿದ್ದಿದ್ರೆ ನಾನು ಯಾಕೆ ಬೀದಿ ಸುತ್ತಬೇಕಿತ್ತು? ಮೂರು ಹೊತ್ತು ಪೇಪರ್ ಹಿಡ್ಕೊಂಡು ಕೂತಿರ್ತೀಯ."

"ಊಟದ ಹೊತ್ತಿನಲ್ಲಿ ಬೇಡ," ಎಂದಳು ಸುಗುಣಾ.

"ನಿನಗೂ ಗೊತ್ತಿತ್ತಲ್ಲಮ್ಮ," ಎಂದು ಶ್ರೀಪ್ರಿಯಾ ತಾಯಿಯ ಕಡೆ ನೋಡಿದಳು. ಸುಗುಣಾ ತಂಬುಳಿ ತರಲು ಒಳಗೆ ಹೋದಳು. ತಂಬುಳಿ ಎಲೆಯ ಮೇಲೇ ಇತ್ತು.

ಶ್ರೀಪ್ರಿಯಾ ಕೂಗಾಡುವವಳಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಭೀಮಾಬಾಯಿಗೆ ಅನ್ನಿಸಿತು.

"ರಾತ್ರಿಯೇ ಕಂಪ್ಲೇಂಟ್ ಕೊಟ್ಟಿದೀನಿ. ನಂಬರ್ ಬದಲಾಯಿಸ್ತೀನಿ, ಆಧಾರ್ ಲಾಕ್ ಮಾಡಿದೀನಿ. ಅವೆಲ್ಲ ಆಗುತ್ತೆ ಅಜ್ಜಿ. ಆದರೆ ನಾನು ಊರವರ ಹೆಸರು ಕಾಯೋ ಕೆಲಸ ಮಾಡ್ತೀನಿ. ನಮ್ಮ ಮನೇಲಿ ನನ್ನ ಹೆಸರು ಸಕ್ಕರೆ ಹಂಚಿದ ಹಾಗೆ ಹಂಚಿದೀರ. ಒಂದು ಮಾತು ಕೇಳಲಿಲ್ಲ. ಎಷ್ಟು ಕೊಟ್ಟಿದೀಯ?"

"ಅದಕ್ಕೆಲ್ಲ ಲೆಕ್ಕ ಇಡ್ತಾರೇನೇ?"

"ಕೊಟ್ಟದ್ದನ್ನ ವಾಪಸ್ ತರಬೇಕು. ತಂದು ಮೆಷಿನ್ನಿಗೆ ಹಾಕಬೇಕು. ಇಲ್ಲಾಂದ್ರೆ ನಾನು ತಿಂಗಳ ಕೊನೆಗೆ ಗಿಂಡಿ ಕಡೆ ಲೇಡೀಸ್ ಹಾಸ್ಟೆಲಿಗೆ ಹೋಗ್ತೀನಿ. ಫೋನಿನಲ್ಲೇ ರೂಮ್ ನೋಡಿಟ್ಟಿದೀನಿ."

ಭೀಮಾಬಾಯಿಯ ಕೈಯ ತುತ್ತು ಎಲೆಗೆ ಬಿತ್ತು. "ಬದುಕಿರೋರ ಜಾತಕ ಹರೀಬಾರದು ಕಣೇ! ಬಿಡ್ತು ಅನ್ನು! ಹರಿದರೆ ಆಯುಸ್ಸಿಗೆ ಕೇಡು."

"ಸುಮ್ಮಾ ಇರು ಅಜ್ಜಿ, ಆಯುಸ್ಸಂತೆ," ಎಂದು ಅವಳು ಎಲೆ ಮಡಿಸಿ ಎದ್ದಳು. ಸತ್ಯಾತ್ಮ ಮಾತ್ರ ಕಲೆಸಿದ ಅನ್ನವನ್ನೇ ಮತ್ತೆ ಕಲೆಸುತ್ತ ಕೂತ.

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಜಗಳವೂ ಇಲ್ಲ, ಮಾತೂ ಇಲ್ಲ. ಶ್ರೀಪ್ರಿಯಾ ಡಬ್ಬಿ ತೆಗೆದುಕೊಂಡು ಹೋಗುವಳು, ಡಬ್ಬಿ ತೊಳೆದಿಡುವಳು. ಅವಳ ಮಂಚದ ಕೆಳಗೆ ಒಂದು ದೊಡ್ಡ ಚೀಲ ಬಂತು. ಮೊದಲು ಚಳಿಗಾಲದ ಬಟ್ಟೆ ಅದರೊಳಗೆ ಹೋಯಿತು. ಮದರಾಸಿನಲ್ಲಿ ಚಳಿಗಾಲದ ಬಟ್ಟೆ ಯಾರಿಗೆ ಬೇಕು ಎಂದು ಭೀಮಾಬಾಯಿ ಧೈರ್ಯ ತಂದುಕೊಂಡರು. ಆಮೇಲೆ ಪುಸ್ತಕಗಳು ಹೋದವು. ಆಗ ಹೆದರಿಕೆಯಾಯಿತು.

ಒಂದು ಮಧ್ಯಾಹ್ನ ಉಯ್ಯಾಲೆಯ ಮೇಲೆ ಅವರಿಗೊಂದು ಕನಸು ಬಿತ್ತು. ಯಾರದೋ ಮನೆ. ಅಡುಗೆಮನೆಯಲ್ಲಿ ಅಕ್ಕಿ ಡಬ್ಬ. ಮುಚ್ಚಳ ತೆಗೆದರೆ ಒಳಗೆ ಶ್ರೀಪ್ರಿಯಾ, ಕಾಗದದಷ್ಟೇ ತೆಳ್ಳಗೆ, ಸಾಸಿವೆ ಬಣ್ಣದ ಸೀರೆ ಉಟ್ಟು ಮಂಡಿ ಮಡಿಸಿ ಕೂತಿದ್ದಾಳೆ. ಇನ್ನೊಂದು ಮನೆಗೆ ಹೋದರೆ ಬೀರುವಿನೊಳಗೆ, ಹಳೆ ಪಂಚಾಂಗಗಳ ಮಧ್ಯೆ ಇನ್ನೊಬ್ಬಳು ಶ್ರೀಪ್ರಿಯಾ. ಮತ್ತೊಬ್ಬಳು ಯಾರದೋ ಸ್ಕೂಟರಿನ ಡಿಕ್ಕಿಯಲ್ಲಿ. ಊರ ತುಂಬ, ಗುರುತಿಲ್ಲದ ಮನೆಗಳಲ್ಲಿ, ಮಾತಿಲ್ಲದೆ ಕೂತಿರುವ ಮೊಮ್ಮಕ್ಕಳು. ಒಬ್ಬಳು ಮಾತ್ರ ಕತ್ತೆತ್ತಿ ಕೇಳಿದಳು, "ಅಜ್ಜಿ, ಮನೆಗೆ ಯಾವಾಗ ಕರ್ಕೊಂಡು ಹೋಗ್ತೀಯ?"

ಎಚ್ಚರವಾದಾಗ ಕಿಟಕಿಯ ಪರದೆ ಗಾಳಿಗೆ ಉಬ್ಬಿ ನಿಂತಿತ್ತು. ಭೀಮಾಬಾಯಿ ಎದ್ದು ಮುಖ ತೊಳೆದು, "ಸುಗುಣಾ, ಆಟೋ ಕರಿ," ಎಂದರು.

ಮೊದಲು ಜಾನಕಮ್ಮನ ಮನೆ. ಜಾನಕಮ್ಮ ಮಠದ ಗೆಳತಿ. ಯಾರ ಮನೆಯಲ್ಲಿ ಯಾವ ವಯಸ್ಸಿನ ಹುಡುಗ ಇದ್ದಾನೆ ಎನ್ನುವುದೆಲ್ಲ ಅವರ ನಾಲಿಗೆಯ ತುದಿಯಲ್ಲಿ. ಶ್ರೀಪ್ರಿಯಾಳ ಪ್ರತಿ ಅವರ ದೇವರ ಗೂಡಿನಲ್ಲಿ, ಎಣ್ಣೆ ದೀಪದ ಕೆಳಗೆ ಇತ್ತು.

"ಜಾತಕ ವಾಪಸ್ ಕೇಳ್ತಾರೇನ್ರೀ ಯಾರಾದರೂ?" ಜಾನಕಮ್ಮ ಬೆರಗಾದರು. "ಹುಡುಗಿಗೆ ಗಟ್ಟಿಯಾಯ್ತಾ?"

"ಹುಡುಗಿ ಮನೆ ಬಿಡೋದು ಗಟ್ಟಿಯಾಗ್ತಿದೆ. ಕೊಡಿ ಇಲ್ಲಿ."

ಹೀಗೆ ಶುರುವಾದ ತಿರುಗಾಟ ಎರಡು ಮೂರು ವಾರ ನಡೆಯಿತು. ಅತ್ತೆ ಸೊಸೆ ಇಬ್ಬರೂ ಹೀಗೆ ಜೊತೆಯಾಗಿ ಊರು ಸುತ್ತಿ ಎಷ್ಟೋ ವರ್ಷವಾಗಿತ್ತು. ಒಂದು ಮನೆಯಲ್ಲಿ ಪ್ರತಿಯನ್ನು ಕಪಾಟಿನ ಹಲಗೆಗೆ ಹಾಸಿ ಮೇಲೆ ಉಪ್ಪಿನಕಾಯಿ ಜಾಡಿ ಇಟ್ಟಿದ್ದರು. ಎಣ್ಣೆ ಹೀರಿ ಗುರು ಶನಿ ಎಲ್ಲ ಒಂದೇ ಮನೆಯಲ್ಲಿ ಕೂತಿದ್ದರು. ಇನ್ನೊಂದು ಮನೆಯ ಹಿರಿಯರು, "ಹಿಂಬದಿ ಖಾಲಿ ಇತ್ತು, ಅದಕ್ಕೇ ಹಾಲಿನ ಲೆಕ್ಕ ಬರೆದೆ," ಎಂದು ನಾಚಿಕೊಂಡು ಕೊಟ್ಟರು. ಒಬ್ಬರು ತಮ್ಮ ಕೊಯಮತ್ತೂರಿನ ನಾದಿನಿಗೆ ಕಳಿಸಿದ್ದರು. ಕಣ್ಣಾಸ್ಪತ್ರೆಯವರನ್ನು ಎಲ್ಲಿ ಹುಡುಕುವುದು? ಕಲ್ಲುಸಕ್ಕರೆಯ ಜೊತೆ ಹೋದವುಗಳ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಸಿಕ್ಕಿದ ಪ್ರತಿಯನ್ನೆಲ್ಲ ಭೀಮಾಬಾಯಿ ಮಡಿಲಲ್ಲಿಟ್ಟುಕೊಂಡು, ಆಟೋದಲ್ಲಿ ಗಾಳಿಗೆ ಹಾರದ ಹಾಗೆ ಸೆರಗು ಮುಚ್ಚಿ, "ಆಯ್ತು ಕಣ್ಣೇ, ಮನೆಗೇ ಹೋಗ್ತಿರೋದು," ಎನ್ನುತ್ತಿದ್ದರು. ಸುಗುಣಾ ಮೊದಮೊದಲು ಮುಖ ಆಚೆ ತಿರುಗಿಸಿ ನಗುತ್ತಿದ್ದಳು. ಆಮೇಲೆ ನಗಲಿಲ್ಲ.

"ನಾನೇ ಆಗಲೇ ಹೇಳಬೇಕಿತ್ತು ಅತ್ತೆ," ಎಂದಳು ಒಂದು ದಿನ.

"ಹೇಳಿದ್ರೆ ನಾನು ಕೇಳ್ತಿದ್ನೇನು?"

"ಇಲ್ಲ."

"ಮತ್ತೆ?" ಎಂದು ಭೀಮಾಬಾಯಿ ಅವಳ ಕೈ ತಟ್ಟಿದರು.

ತಂದದ್ದನ್ನೆಲ್ಲ ಅವರು ಟ್ರಂಕಿನಲ್ಲಿಟ್ಟು ಬೀಗ ಹಾಕಿದರು. ಶ್ರೀಪ್ರಿಯಾ ಬಂದಾಗ ಟ್ರಂಕು ತೋರಿಸಿ, "ಎಲ್ಲಾರೂ ಮನೆಗೆ ಬಂದಾಯ್ತು. ಇನ್ನು ನಿನ್ನ ಚೀಲ ಬಿಚ್ಚು," ಎಂದರು.

"ಟ್ರಂಕಿನಲ್ಲಿದ್ದರೆ ನಾಳೆ ಮತ್ತೆ ಆಚೆ ಹೋಗುತ್ತೆ ಅಜ್ಜಿ. ನೀನೇ ಕಳಿಸ್ತೀಯ."

"ಆಣೆ ಇಡ್ತೀನಿ."

"ಯಾರಾದರೂ ಒಳ್ಳೇ ಹುಡುಗ ಅಂದ್ರೆ ನಿನ್ನ ಆಣೆ ನಿಲ್ಲುತ್ತಾ? ನಿಜ ಹೇಳು."

ಭೀಮಾಬಾಯಿ ನಿಜ ಹೇಳುವ ಹಾಗಿರಲಿಲ್ಲ. ಸಹಸ್ರನಾಮದ ಪುಸ್ತಕದ ಮಧ್ಯೆ ಒಂದು ಪ್ರತಿ ಆಗಲೇ ಬೇರೆ ಮಡಗಿಯಾಗಿತ್ತು. ಅವರು ಟ್ರಂಕಿನ ಮೇಲೆ ಕೂತುಬಿಟ್ಟರು. ಕೂತು, ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದರು. ಅಜ್ಜಿ ಅತ್ತದ್ದನ್ನು ಶ್ರೀಪ್ರಿಯಾ ಕಂಡವಳಲ್ಲ.

"ನಿಮ್ಮ ಅತ್ತೆ ಒಬ್ಬಳಿದ್ದಳಲ್ಲೇ, ಗೋದಾ."

ಗೋದಾ ಸತ್ಯಾತ್ಮನ ಅಕ್ಕ. ಹತ್ತೊಂಬತ್ತಕ್ಕೇ ಕಾಮಾಲೆಯಾಗಿ ಹೋದವಳು. ಮನೆಯಲ್ಲಿ ಅವಳ ಫೋಟೋ ಇತ್ತು, ಮಾತಿರಲಿಲ್ಲ.

"ಹೋದವರ ಜಾತಕ ಮನೇಲಿ ಇಡಬಾರದು ಅಂತ ನಮ್ಮ ಮಾವನವರು ಸಮುದ್ರಕ್ಕೆ ತಗೊಂಡು ಹೋದರು. ನಾನೂ ಹೋದೆ, ನಿಮ್ಮ ಅಪ್ಪನ ಕೈ ಹಿಡ್ಕೊಂಡು. ಅದನ್ನ ನನ್ನ ಕೈಯಿಂದಲೇ ಇಸ್ಕೊಂಡು ನಾಲ್ಕು ತುಂಡು ಮಾಡಿ ನೀರಿಗೆ ಬಿಟ್ಟರು. ಮೂರು ಹೋಯ್ತು. ಒಂದು ತುಂಡು ಅಲೆ ಜೊತೆ ವಾಪಸ್ ಬಂದು ನನ್ನ ಕಾಲಿಗೆ ಅಂಟ್ಕೊಳ್ತು. ನೋಡಿದರೆ ಅದರ ಮೇಲೆ ಅವಳ ಹೆಸರು. ಗೋದಾವರಿ ಅಂತ ಪೂರ್ತಿ. ಮಸಿ ಕೂಡ ಅಳಿಸಿರಲಿಲ್ಲ ಕಣೇ." ಭೀಮಾಬಾಯಿ ಕಣ್ಣೊರೆಸಿಕೊಂಡರು. "ಆವತ್ತಿಂದ ನಾನು ಸಮುದ್ರಕ್ಕೆ ಹೋಗಿಲ್ಲ. ಇಷ್ಟು ಹತ್ತಿರ ಇದೆ. ಗಾಳಿ ಬರುತ್ತೆ, ಸಾಕು. ನಿನ್ನ ಹೆಸರನ್ನ ನನ್ನ ಕೈಯಾರೆ ಹರಿ ಅಂತೀಯಲ್ಲ, ಹ್ಯಾಗೇ ಹರೀಲಿ?"

ಶ್ರೀಪ್ರಿಯಾ ನೆಲದ ಮೇಲೆ ಕೂತು ಅಜ್ಜಿಯ ಮಂಡಿಗೆ ತಲೆ ಆನಿಸಿದಳು. ಬಾಗಿಲ ಹತ್ತಿರ ಸತ್ಯಾತ್ಮ ಪೇಪರ್ ಹಿಡಿದು ನಿಂತಿದ್ದ. ಯಾವಾಗ ಬಂದನೋ ಯಾರೂ ನೋಡಿರಲಿಲ್ಲ.

"ಅಜ್ಜಿ, ತಾತ ಕೈಯಲ್ಲಿ ಬರೆದದ್ದಿದೆಯಲ್ಲ, ಅರಿಸಿನ ಹಚ್ಚಿರೋದು, ಅದು ನನ್ನ ಜಾತಕ," ಎಂದಳು ಶ್ರೀಪ್ರಿಯಾ. "ಅದು ಟ್ರಂಕಿನಲ್ಲೇ ಇರಲಿ. ನಾನು ಮುಟ್ಟಲ್ಲ. ಇವೆಲ್ಲ ಜೆರಾಕ್ಸ್ ಮೆಷಿನ್ ಹೆತ್ತದ್ದು. ಒಂದು ಮೆಷಿನ್ ಹೆತ್ತದ್ದನ್ನ ಇನ್ನೊಂದು ಮೆಷಿನ್ ತಿನ್ನಲಿ ಬಿಡು."

ಅಳುವಿನ ಮಧ್ಯೆಯೇ ಭೀಮಾಬಾಯಿಗೆ ನಗು ಬಂತು.

"ನೀನೂ ಬಾ. ನಮ್ಮ ಮೆಷಿನ್ನಿಗೆ ಒಂದು ಕೆಂಪು ಬಟನ್ ಇದೆ, ಒತ್ತಿದರೆ ಅಲ್ಲೇ ನಿಲ್ಲುತ್ತೆ. ನಿನ್ನ ಕೈ ಅದರ ಮೇಲೆ ಇಟ್ಕೊಂಡಿರು. ಯಾವಾಗ ಬೇಡ ಅನ್ನಿಸುತ್ತೋ ಒತ್ತಿಬಿಡು. ನಾನು ಒಂದು ಮಾತು ಕೇಳಲ್ಲ."

ಆ ಶನಿವಾರ ಲಾರಿಗೆ ಮದರಾಸಿನ ಹಳೇ ಪೇಟೆ ಪ್ಯಾರೀಸ್ ಕಾರ್ನರಿನ ಒಂದು ಗಲ್ಲಿಯಲ್ಲಿ ಕೆಲಸವಿತ್ತು. ಹಳೇ ಆಫೀಸೊಂದು ಕಡತಗಳನ್ನೆಲ್ಲ ಖಾಲಿ ಮಾಡಿಸುತ್ತಿತ್ತು. ಸತ್ಯಾತ್ಮ ರಜೆಯ ದಿನವೂ ಪ್ಯಾಂಟು ಶರಟು ಹಾಕಿಕೊಂಡು, "ಆ ಚೀಲ ಕೊಡಮ್ಮ, ನಾನು ಹಿಡ್ಕೋತೀನಿ," ಎಂದ. ಗಲ್ಲಿಯ ತುಂಬ ಕೈಗಾಡಿ, ಬಣ್ಣದ ಪ್ಲಾಸ್ಟಿಕ್ ಬಕೆಟ್ಟು, ಪಟಾಕಿ ಅಂಗಡಿ, ಜನ. ಅವುಗಳ ನಡುವೆ ಬಿಳಿ ಲಾರಿ. ಅದರ ಪಕ್ಕ ಮೊಮ್ಮಗಳು ತಲೆಗೆ ಟೋಪಿ, ಕೈಗೆ ಗವಸು ಹಾಕಿ, ಯಾರಿಗೋ ತಮಿಳಿನಲ್ಲಿ, "ಅಣ್ಣೇ, ಅಂದ ಮೂಟ್ಟೈ ಮುದಲ್ಲ," ಎಂದು ಮೊದಲು ಹಾಕಬೇಕಾದ ಮೂಟೆ ತೋರಿಸಿ ಹೇಳುತ್ತಿದ್ದಳು. ಗಂಡಾಳುಗಳು ಅವಳ ಮಾತಿಗೆ ಓಡಿಯಾಡುತ್ತಿದ್ದರು. ಭೀಮಾಬಾಯಿ ನಿಂತು ನೋಡಿದರು. ಇಷ್ಟು ದಿನ ಇದಕ್ಕೇಕೆ ಕೆಮ್ಮಿದೆ ಎಂದುಕೊಂಡರು.

ಲಾರಿಯ ಪಕ್ಕೆಯಲ್ಲೊಂದು ಪುಟ್ಟ ಪರದೆ. ಒಳಗೆ ನಡೆಯುವುದೆಲ್ಲ ಅದರಲ್ಲಿ ಕಾಣುತ್ತಿತ್ತು. ಶ್ರೀಪ್ರಿಯಾ ಅಜ್ಜಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಅವರ ಅಂಗೈಯನ್ನು ಕೆಂಪು ಬಟನ್ನಿನ ಮೇಲೆ ಇಟ್ಟಳು.

"ಹಾಕಲಾ ಅಜ್ಜಿ?"

ಭೀಮಾಬಾಯಿ ಗೋಣು ಹಾಕಿದರು.

ಪರದೆಯ ಮೇಲೆ ಸಾಸಿವೆ ಬಣ್ಣದ ಸೀರೆಗಳು ಒಂದರ ಹಿಂದೆ ಒಂದು ಜಾರಿಹೋದವು. ಉಪ್ಪಿನಕಾಯಿಯ ಎಣ್ಣೆ ಕುಡಿದದ್ದು ಹೋಯಿತು, ಹಾಲಿನ ಲೆಕ್ಕ ಬರೆದದ್ದು ಹೋಯಿತು, ಜಾನಕಮ್ಮನ ದೀಪದ ಮಸಿ ಹಿಡಿದದ್ದು ಹೋಯಿತು. ಅವರ ಅಂಗೈ ಬಟನ್ನಿನ ಮೇಲೇ ಇತ್ತು, ಒತ್ತಲಿಲ್ಲ. ಹಿಂದೆ ನಿಂತಿದ್ದ ಸತ್ಯಾತ್ಮ ತಾಯಿಯ ಭುಜ ಹಿಡಿದುಕೊಂಡ. ಯಂತ್ರದ ಸದ್ದು ದೂರದ ಅಲೆಯ ಸದ್ದಿನ ಹಾಗಿತ್ತು. ಬಿಸಿಲು, ಸದ್ದು, ಜನ ಎಲ್ಲ ಮಸುಕಾಗಿ, ತಾನು ಮತ್ತೆ ಮರಳಿನ ಮೇಲೆ ನಿಂತಿದ್ದೇನೆ ಎಂದು ಭೀಮಾಬಾಯಿಗೆ ಅನ್ನಿಸಿತು. ಅವರು ಬಗ್ಗಿ ತಮ್ಮ ಪಾದದ ಹತ್ತಿರ ನೋಡಿಕೊಂಡರು. ಏನೂ ಇರಲಿಲ್ಲ.

ಶ್ರೀಪ್ರಿಯಾ ಹಿಂದಿನ ಬಾಗಿಲು ತೆರೆದು ತೋರಿಸಿದಳು. ಒಳಗೆ ರಾಶಿ ರಾಶಿ ಚೂರು, ತೆಳು ಅವಲಕ್ಕಿಯ ಹಾಗೆ. ಭೀಮಾಬಾಯಿ ಒಂದು ಹಿಡಿ 'ಅವಲಕ್ಕಿ' ಕೈಗೆತ್ತಿಕೊಂಡು ಬೆರಳಿನಿಂದ ಕೆದಕಿದರು. ಯಾವುದರಲ್ಲೂ ಒಂದು ಪೂರ್ತಿ ಅಕ್ಷರವಿರಲಿಲ್ಲ.

"ಇದರಲ್ಲಿ ನೀನು ಯಾವುದೇ?"

"ಗೊತ್ತಾಗಲ್ಲ ಅಜ್ಜಿ. ಊರವರದೆಲ್ಲ ಸೇರಿಹೋಗಿದೆ. ನನಗೂ ಗೊತ್ತಾಗಲ್ಲ."

"ಹೆಸರು ವಾಪಸ್ ಬರಲ್ಲ?"

"ಇಲ್ಲಿಂದ ಬರಲ್ಲ. ಆಚೆ ಉಳಿದದ್ದಕ್ಕೆ ನಾನು ಏನೂ ಹೇಳಕ್ಕಾಗಲ್ಲ."

ಭೀಮಾಬಾಯಿ ಕೈ ಕೊಡವಿಕೊಂಡು ಮೊಮ್ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಬೆವರಿದ್ದಳು, ಟೋಪಿ ಓರೆಯಾಗಿತ್ತು, ಗಟ್ಟಿಮುಟ್ಟಾಗಿ ಎದುರಿಗೇ ನಿಂತಿದ್ದಳು. ಭೀಮಾಬಾಯಿ ಕೈಚೀಲ ತೆರೆದು, ಸಹಸ್ರನಾಮದ ಪುಸ್ತಕ ಬಿಡಿಸಿ, ನಡುವೆ ಮಡಿಸಿಟ್ಟಿದ್ದ ಪ್ರತಿಯನ್ನು ಹೊರಗೆ ತೆಗೆದರು.

"ಅಮ್ಮಾ!" ಎಂದ ಸತ್ಯಾತ್ಮ.

"ನೀನು ಸುಮ್ಮನಿರೋ. ಇದನ್ನ ಎಲ್ಲಿ ಹಾಕಬೇಕು ತೋರಿಸೇ. ನಾನೇ ಹಾಕ್ತೀನಿ."

ಹಾಕಿದರು. ಶ್ರೀಪ್ರಿಯಾ ಬೈಯಲಿಲ್ಲ. ಗವಸು ಕಳಚಿ ಅಜ್ಜಿಯ ಕೈಗಂಟಿದ ಚೂರುಗಳನ್ನು ಒಂದೊಂದಾಗಿ ತೆಗೆದಳು.

ಸಂಜೆ ಮಂಚದ ಕೆಳಗಿನ ಚೀಲದಿಂದ ಮೊದಲು ಪುಸ್ತಕಗಳು ಆಚೆ ಬಂದವು. ಸುಗುಣಾ ಅಡುಗೆಮನೆಯಲ್ಲಿ ಅವಲಕ್ಕಿ ಒಗ್ಗರಣೆ ಹಾಕುತ್ತಿದ್ದಳು. ಯಾಕೋ ಇವತ್ತು ಅದೇ ಬೇಕು ಎಂದು ಅತ್ತೆ ಕೇಳಿದ್ದರು. ಕಿಟಕಿಯಿಂದ ಗಾಳಿ ಬರುತ್ತಿತ್ತು. "ನಾಳೆ ಬೆಳಿಗ್ಗೆ ಬೀಚ್ ಕಡೆ ಹೋಗೋಣ್ವಾ ಅಮ್ಮ?" ಎಂದು ಸತ್ಯಾತ್ಮ ಪೇಪರಿನ ಹಿಂದಿನಿಂದ ಕೇಳಿದ. "ನೋಡೋಣ," ಎಂದರು ಭೀಮಾಬಾಯಿ. ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಜಾನಕಮ್ಮ.

"ಭೀಮಾಬಾಯಿ, ಸುಘೋಷ ಅಂತ ಒಬ್ಬ ಹುಡುಗ ಬಂದಿದಾನ್ರೀ. ಚಿನ್ನದಂಥ ಹುಡುಗ, ಮನೆತನ ಕೇಳಲೇಬೇಡಿ. ನಾಳೇನೇ ತಿರುಚ್ಚಿಗೆ ಹೊರಟುಬಿಡ್ತಾರೆ. ಒಂದೇ ಒಂದು ಜಾತಕ ಬೇಗ ಕಳಿಸಿಕೊಡಿ!"

ಪುಸ್ತಕ ಜೋಡಿಸುತ್ತಿದ್ದ ಶ್ರೀಪ್ರಿಯಾಳ ಕೈ ನಿಂತಿತು. ಭೀಮಾಬಾಯಿ ಉಯ್ಯಾಲೆಯನ್ನು ಕಾಲಿನಿಂದ ತಡೆದು ನಿಲ್ಲಿಸಿದರು. ಕೆಮ್ಮು ಬರಲಿಲ್ಲ.

"ಜಾತಕ ಇಲ್ಲ ಜಾನಕಮ್ಮ," ಎಂದರು. "ಹುಡುಗಿ ಇದಾಳೆ. ತಡೀರಿ, ಅವಳನ್ನೇ ಕೇಳ್ತೀನಿ."